ಊರು ಸೇರಲಿ, ಹೆಸರು ಅಳಿಯದಿರಲಿ

ತಗಡೂರು ಎಂಬ ಹೆಸರಿನ ಬೆನ್ನು ಹತ್ತಿದವರಿಗೆ ಎರಡು ಊರುಗಳು ಎದುರಾಗುತ್ತವೆ. ಒಂದು, ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ತಗಡೂರು. ಇನ್ನೊಂದು, ಇಂದು ತಮಿಳುನಾಡಿಗೆ ಸೇರಿರುವ ಧರ್ಮಪುರಿ. ಸಂಗಂ ಕಾಲದ ಅದಿಯಮಾನ್ ಅರಸರ ರಾಜಧಾನಿಯಾಗಿದ್ದು, ಮುಂದೆ ನೊಳಂಬರ ಆಳ್ವಿಕೆಗೆ ಒಳಪಟ್ಟ ಆ ಪಟ್ಟಣದ ಪ್ರಾಚೀನ ನಾಮವೂ ತಗಡೂರೇ. ನೊಳಂಬ ಮಹೇಂದ್ರನ ಕಾಲದ, ಶಕ 815 (ಕ್ರಿ.ಶ. 893)ರ ಅಲ್ಲಿಯ ಕನ್ನಡ ಶಾಸನವೊಂದು ನಿಧಿಯಣ್ಣ, ಚಂಡಿಯಣ್ಣ ಎಂಬ ಸಹೋದರರು ತಗಡೂರಿನಲ್ಲಿ ಬಸದಿಯೊಂದನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ನಿಧಿಯಣ್ಣನು ಅರಸನಿಂದ ಪಡೆದ ಮೂಲಪಳ್ಳಿ ಎಂಬ ಊರನ್ನು ಆ ಬಸದಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಇಂದು ಧರ್ಮಪುರಿಯ ಬೀದಿಗಳಲ್ಲಿ ತಗಡೂರು ಎಂಬುದು ಊರಿನ ಹೆಸರಾಗಿ ಉಳಿದಿಲ್ಲ. ಅದು ವಿದ್ವಾಂಸರ ಟಿಪ್ಪಣಿಗಳಲ್ಲಿ ಮಾತ್ರ ಜೀವಿಸಿದೆ. ನಂಜನಗೂಡು ಸೀಮೆಯ ತಗಡೂರಾದರೋ ತನ್ನ ಹೆಸರನ್ನು ಇನ್ನೂ ತಾನೇ ಹೊತ್ತು ನಿಂತಿದೆ.

ಹೆಸರು ಕಳೆದುಕೊಂಡ ಊರು ಮತ್ತು ಹೆಸರು ಉಳಿಸಿಕೊಂಡ ಊರು, ಇವೆರಡರ ನಡುವಿನ ಅಂತರವೇ ಇಲ್ಲಿಯ ವಿಚಾರ. ನಗರಗಳು ತಮ್ಮ ಸುತ್ತಲಿನ ಹಳ್ಳಿಗಳನ್ನು ಒಳಗೆ ಸೇರಿಸಿಕೊಳ್ಳುತ್ತಿರುವ ಈ ಕಾಲದಲ್ಲಿ ಆ ಅಂತರವು ಕೇವಲ ಪಂಡಿತರ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಮೈಸೂರಿನ ಸುತ್ತಮುತ್ತ ನಡೆದುದನ್ನು ಗಮನಿಸಬಹುದು. 2020ರಲ್ಲಿ ಹೂಟಗಳ್ಳಿ ನಗರಸಭೆ ರೂಪುಗೊಂಡಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಂಬ ನಾಲ್ಕು ಪಟ್ಟಣ ಪಂಚಾಯಿತಿಗಳೂ ಅದರೊಡನೆ ಬಂದವು. ಅಲ್ಲಿಯವರೆಗೆ ತಮ್ಮದೇ ಗ್ರಾಮ ಪಂಚಾಯಿತಿಯನ್ನು ಹೊಂದಿದ್ದ ಹಿನಕಲ್, ಕೂರ್ಗಳ್ಳಿಯಂಥ ಊರುಗಳು ಹೂಟಗಳ್ಳಿ ಎಂಬ ಒಂದು ಹೆಸರಿನೊಳಗೆ ಸೇರಿದವು. ಇವೆಲ್ಲವನ್ನೂ ಮೈಸೂರು ಮಹಾನಗರದೊಳಕ್ಕೆ ತಂದು ಬೃಹತ್ ಮೈಸೂರನ್ನು ರಚಿಸುವ ಪ್ರಸ್ತಾಪ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಒಮ್ಮೆಗೇ ಸೇರಿಸಿಕೊಂಡು 'ಬೃಹತ್' ಆಯಿತು. ಆ 110 ಎಂಬ ಸಂಖ್ಯೆ ಇಂದಿಗೂ ಆಡಳಿತದ ಮಾತಿನಲ್ಲಿ ಬಳಕೆಯಲ್ಲಿದೆ. 'ನೂರಹತ್ತು ಹಳ್ಳಿಗಳಿಗೆ ಕುಡಿಯುವ ನೀರು' ಎಂಬ ಮಾತನ್ನು ಕೇಳದ ಬೆಂಗಳೂರಿಗರಿಲ್ಲ. ಆದರೆ ಆ ನೂರಹತ್ತು ಯಾವುವು ಎಂದು ಕೇಳಿದರೆ ಹತ್ತನ್ನಾದರೂ ಹೆಸರಿಸಬಲ್ಲವರು ವಿರಳ.

ತಗಡೂರು ಇಂಥ ವಿಲೀನಕ್ಕೆ ಒಳಗಾಗಿಲ್ಲ. ಆದರೆ ನಂಜನಗೂಡಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಕಡಕೊಳ ಪಟ್ಟಣವಾಗಿದೆ, ನಂಜನಗೂಡು ಕೈಗಾರಿಕೆಯಿಂದ ಬೆಳೆಯುತ್ತಿದೆ. ಈ ಸೀಮೆಯ ಯಾವ ಊರಾದರೂ ಮುಂದಿನ ತಲೆಮಾರಿನ ಹೊತ್ತಿಗೆ ಯಾವುದೋ ನಗರದ ವಾರ್ಡ್ ಆಗಬಹುದು. ಆದಕಾರಣ ಪ್ರಶ್ನೆಯನ್ನು ಈಗಲೇ ಎತ್ತುವುದು ಉಚಿತ.

ಊರುಗಳನ್ನು ಗುಂಪುಗೂಡಿಸುವುದು ಈ ನಾಡಿಗೆ ಹೊಸದೇನಲ್ಲ. ಶಾಸನಗಳನ್ನು ಓದುವವರಿಗೆ ಬೆಳ್ವೊಲ ಮುನ್ನೂರು, ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ ಮೊದಲಾದ ಘಟಕಗಳು ಚಿರಪರಿಚಿತ. ದೊಡ್ಡ ಸಂಖ್ಯೆಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಹನ್ನೆರಡು, ಮೂವತ್ತು, ಎಪ್ಪತ್ತು ಎಂಬಂಥ ಸಣ್ಣ ಸಂಖ್ಯೆಗಳು ಊರುಗಳ ಎಣಿಕೆಯೆಂಬುದನ್ನು ಸಾಮಾನ್ಯವಾಗಿ ಒಪ್ಪಲಾಗಿದೆ. ಇದಕ್ಕೆ ಬೇಗೂರಿನ ಪ್ರಸಿದ್ಧ ವೀರಗಲ್ಲು ಒಳ್ಳೆಯ ನಿದರ್ಶನ. ಗಂಗ ಎರೆಯಪ್ಪನ ಪರವಾಗಿ ಹೋರಾಡಿ ನಾಗತ್ತರನು ಮಡಿದ ಮೇಲೆ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ 'ಬೆಂಪೂರು ಹನ್ನೆರಡ'ನ್ನು ಕೊಟ್ಟ ವಿಚಾರವನ್ನು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ ಆ ಘಟಕಕ್ಕೆ ಸೇರಿದ ಊರುಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಒಟ್ಟುಗೂಡಿಸುವಾಗಲೂ ಎಣಿಸುವುದು, ಎಣಿಸಿದ್ದನ್ನು ಹೆಸರಿಸುವುದು ಹಳಬರ ಕ್ರಮವಾಗಿತ್ತು. ಹನ್ನೆರಡು ಸೇರಿ ಒಂದಾದರೂ ಹನ್ನೆರಡು ಹನ್ನೆರಡಾಗಿಯೇ ಉಳಿಯುತ್ತಿದ್ದವು.

ಬೇಗೂರಿನ ಕಥೆಗೆ ಇನ್ನೊಂದು ಮುಖವಿದೆ. ಅದೇ ಊರಿನ ದೇವಾಲಯದಲ್ಲಿರುವ ಮತ್ತೊಂದು ಶಾಸನ ಬೆಂಗಳೂರಿನ ಕಾಳೆಗವನ್ನು ಉಲ್ಲೇಖಿಸುತ್ತದೆ; ಬೆಂಗಳೂರು ಎಂಬ ಹೆಸರಿನ ಪ್ರಾಚೀನ ಉಲ್ಲೇಖವೆಂದು ಅದು ಮಾನ್ಯವಾಗಿದೆ. ಹತ್ತನೆಯ ಶತಮಾನದ ಹೊಸ್ತಿಲಲ್ಲಿ ಬೆಂಪೂರು ಹನ್ನೆರಡು ಊರುಗಳ ಕೇಂದ್ರ. ಬೆಂಗಳೂರು ಕಾಳೆಗ ನಡೆದ ಒಂದು ತಾಣ. ಸಾವಿರ ವರ್ಷಗಳ ಬಳಿಕ ಬೇಗೂರು ಬೆಂಗಳೂರಿನೊಳಗೆ ಸೇರಿತು. ನಗರಕ್ಕೆ ತನ್ನ ಹೆಸರಿನ ಪ್ರಾಚೀನತೆಯನ್ನು ದೊರಕಿಸಿಕೊಟ್ಟದ್ದು, ಕೊನೆಗೆ ಆ ನಗರದ ಒಂದು ಭಾಗವಾದ ಹಳ್ಳಿಯೇ. ಆ ಹಳ್ಳಿಯ ಹೆಸರು ನಡುವೆ ಎಲ್ಲಿಯೋ ಅಳಿದುಹೋಗಿದ್ದರೆ ಶಾಸನದ ಬೆಂಪೂರನ್ನು ಗುರುತಿಸುವುದು ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಊಹಿಸಬಹುದು.

ಇಂದಿನ ವಿಲೀನದ ಕ್ರಮವು ಎಣಿಸುತ್ತದೆ, ಆದರೆ ಬೇರೆಯದನ್ನು. ಸಂವಿಧಾನದ 74ನೆಯ ತಿದ್ದುಪಡಿಯಿಂದ (1992) ಬಂದ 243ಕ್ಯೂ ವಿಧಿಯು ಒಂದು ಪ್ರದೇಶವನ್ನು ನಗರವೆಂದು ಸಾರುವ ಮುನ್ನ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತದ ವರಮಾನ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಇವುಗಳನ್ನು ಪರಿಗಣಿಸಬೇಕೆನ್ನುತ್ತದೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ (1976) ಮಹಾನಗರಕ್ಕೆ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯನ್ನೂ ಅರ್ಧಕ್ಕೆ ಕಡಿಮೆಯಿಲ್ಲದ ಕೃಷಿಯೇತರ ಉದ್ಯೋಗವನ್ನೂ ಕೇಳುತ್ತದೆ. ತಲೆಗಳ ಎಣಿಕೆ, ತೆರಿಗೆಯ ಎಣಿಕೆ ಇಲ್ಲಿದೆ, ಊರುಗಳ ಎಣಿಕೆಯಿಲ್ಲ. ಆದರೆ ಅದೇ 243ಕ್ಯೂ ವಿಧಿಯ ಕೊನೆಯಲ್ಲಿ, ರಾಜ್ಯಪಾಲರಿಗೆ ಸೂಕ್ತವೆಂದು ತೋರುವ ಇತರ ಅಂಶಗಳನ್ನೂ ಪರಿಗಣಿಸಬಹುದೆಂಬ ಅವಕಾಶವಿದೆ. ಊರಿನ ಹೆಸರು ಮತ್ತು ಇತಿಹಾಸ ಆ 'ಇತರ ಅಂಶ'ಗಳಲ್ಲಿ ಸೇರಬಾರದೆಂದು ಎಲ್ಲಿಯೂ ಹೇಳಿಲ್ಲ.

ಹೆಸರೊಂದು ಹೋದರೆ ಏನು ನಷ್ಟ ಎಂಬ ಪ್ರಶ್ನೆ ಸಹಜ. ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸಿಗೆ ಇದರ ಉತ್ತರ ಕೈಯಳತೆಯಲ್ಲೇ ಇದೆ. ಹಲ್ಮಿಡಿ ಶಾಸನವನ್ನೇ ನೋಡಬಹುದು. ಅದರಲ್ಲಿ ದತ್ತಿಯಾಗಿ ಬಂದಿರುವ ಊರುಗಳು ಪಲ್ಮಿಡಿ ಮತ್ತು ಮೂಳಿವಳ್ಳಿ. ಕಲ್ಲು ದೊರೆತ ಬೇಲೂರು ತಾಲ್ಲೂಕಿನ ಊರು ಹಲ್ಮಿಡಿ. ಪಕಾರವು ಹಕಾರವಾಗುವ ಕನ್ನಡದ ಧ್ವನಿವ್ಯತ್ಯಾಸವನ್ನು ತರಗತಿಯಲ್ಲಿ ಬೋಧಿಸುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಒಂದೂವರೆ ಸಾವಿರ ವರ್ಷಗಳ ಕಾಲ ಆ ಹೆಸರನ್ನು ಸಂರಕ್ಷಿಸಿದ್ದು ಯಾವ ಪ್ರಾಚ್ಯವಸ್ತು ಇಲಾಖೆಯೂ ಅಲ್ಲ. ಊರಿನ ಜನ ದಿನವೂ ಅದನ್ನು ಉಚ್ಚರಿಸುತ್ತ ಬಂದರು, ಅಷ್ಟೆ.

ಶಾಸನಗಳ ವಿಳಾಸ ಕೂಡ ಊರೇ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾದಾಗ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡೂ ಅದರಲ್ಲಿದ್ದವು. ಮಂಡ್ಯ, ಮಳವಳ್ಳಿಗಳೂ ಮೈಸೂರು ಜಿಲ್ಲೆಯ ಭಾಗವಾಗಿ ಅಲ್ಲಿಯೇ ಇದ್ದವು. ಮೈಸೂರು ವಿಶ್ವವಿದ್ಯಾನಿಲಯವು 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ತಂದಾಗ ನಂಜನಗೂಡು ಒಂದು ಸಂಪುಟಕ್ಕೆ, ನರಸೀಪುರ ಇನ್ನೊಂದಕ್ಕೆ ಸೇರಿದವು. ಶಾಸನಗಳ ಸಂಖ್ಯೆಗಳೂ ಬದಲಾದವು. ಈ ನಡುವೆ 1939ರಲ್ಲಿ ಮಂಡ್ಯ, 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಗಳಾದವು. ಸಂಪುಟ ಬದಲಾಯಿತು, ಸಂಖ್ಯೆ ಬದಲಾಯಿತು, ಜಿಲ್ಲೆ ಬದಲಾಯಿತು. ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಕೂಡಿಸಿ ಓದಬೇಕಾದ ಸಂಶೋಧಕನಿಗೆ ಉಳಿಯುವ ಆಧಾರ ಊರಿನ ಹೆಸರೊಂದೇ. ಆ ಹೆಸರಿನ ಜಾಗದಲ್ಲಿ 'ವಾರ್ಡ್ 17' ಎಂದು ಬಂದರೆ, ವಾರ್ಡುಗಳ ಪುನರ್ವಿಂಗಡಣೆಯಾದಾಗಲೆಲ್ಲ ಕಲ್ಲಿನ ವಿಳಾಸವೂ ಬದಲಾಗುತ್ತ ಹೋಗುತ್ತದೆ.

ಜೈನ ಇತಿಹಾಸದ ಅಭ್ಯಾಸಿಗಳಿಗಂತೂ ಊರ ಹೆಸರು ಪರಂಪರೆಯ ಹೆಸರೇ ಆಗಿದೆ. ಕೊಂಡಕುಂದಾನ್ವಯವು ಕೊಂಡಕುಂದೆ ಎಂಬ ಊರನ್ನು ನೆನಪಿಸುತ್ತದೆ. ದೇಶೀಗಣ ಪುಸ್ತಕಗಚ್ಛದ ಹನಸೋಗೆ ಬಳಿಯ ಮುನಿಗಳು ಕರ್ನಾಟಕದ ಎಷ್ಟೋ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಆ ಹನಸೋಗೆ ಇದೇ ಮೈಸೂರು ಜಿಲ್ಲೆಯ ಕಾವೇರಿ ತೀರದ ಊರು, ಇಂದಿನ ಚಿಕ್ಕಹನಸೋಗೆ. ಕ್ರಿ.ಶ. 783ರಲ್ಲಿ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ ಹರಿವಂಶಪುರಾಣವನ್ನು ಬರೆದ ಜಿನಸೇನರು ತಮ್ಮನ್ನು ಪುನ್ನಾಟ ಸಂಘದವರೆಂದು ಹೇಳಿಕೊಂಡಿದ್ದಾರೆ. ಪುನ್ನಾಟವೆಂದರೆ ಕಪಿಲಾ ನದಿಯ ಆಸುಪಾಸಿನ ನಾಡು. ಅದರ ರಾಜಧಾನಿ ಕೀರ್ತಿಪುರವನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರೆಂದು ಗುರುತಿಸಲಾಗಿದೆ. ಎಲ್ಲವನ್ನೂ ತೊರೆದ ಮುನಿಗಳು ತೊರೆಯದೆ ಕೊಂಡೊಯ್ದದ್ದು ನೆಲದ ಹೆಸರು. ಅದನ್ನು ಹಿಡಿದೇ ಇಂದಿನ ವಿದ್ವಾಂಸರು ಸಂಘಗಳ ವಲಸೆಯ ದಾರಿಯನ್ನು ಗುರುತಿಸುತ್ತಾರೆ.

ಕನ್ನಡದ ಲೇಖಕರ ಹೆಸರುಗಳೂ ಇದೇ ಮಾತನ್ನು ಹೇಳುತ್ತವೆ. ಕುವೆಂಪು ಎಂಬುದರ ಮೊದಲಕ್ಷರದಲ್ಲಿ ಕುಪ್ಪಳಿಯಿದೆ, ಡಿ.ವಿ.ಜಿ. ಎಂಬುದರ ಮೊದಲಕ್ಷರದಲ್ಲಿ ದೇವನಹಳ್ಳಿಯಿದೆ, ತೀ.ನಂ.ಶ್ರೀ. ಎಂಬುದರಲ್ಲಿ ತೀರ್ಥಪುರವಿದೆ. ತಗಡೂರಿನ ಹೆಸರನ್ನು ನಾಡಿನ ಉದ್ದಗಲಕ್ಕೆ ಒಯ್ದವರು ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು. ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆಯ ಕಾರ್ಯವನ್ನು ಈ ಸೀಮೆಯಲ್ಲಿ ಬೇರೂರಿಸಿದ ಅವರನ್ನು ಊರ ಹೆಸರಿಲ್ಲದೆ ಕರೆದವರಿಲ್ಲ. ಅವರ ಹೆಸರನ್ನು ಓದುವವನಿಗೆ ಮುಂದೊಂದು ದಿನ 'ತಗಡೂರು ಎಲ್ಲಿದೆ' ಎಂಬುದಕ್ಕೆ ಅಡಿಟಿಪ್ಪಣಿ ಬೇಕಾಗುವಂತಾದರೆ ಅದು ಭಾಷೆಗೂ ಆಗುವ ನಷ್ಟ.

ಇಲ್ಲಿಯವರೆಗೆ ಹೇಳಿದ್ದು ಓದುಗರ ಮತ್ತು ಸಂಶೋಧಕರ ನಷ್ಟ. ಊರಿನಲ್ಲೇ ಬದುಕುವವರ ನಷ್ಟ ಇದಕ್ಕಿಂತ ಹತ್ತಿರದ್ದು. ಪಂಚಾಯತ್ ರಾಜ್ ಅಧಿನಿಯಮದ (1993) ಪ್ರಕಾರ ಸುಮಾರು 400 ಜನರಿಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ನಗರದ ವಾರ್ಡಿನ ಸದಸ್ಯ ಸಾವಿರಾರು ಜನರನ್ನು ಪ್ರತಿನಿಧಿಸುತ್ತಾನೆ. ಊರಿನವರೆಲ್ಲ ಕುಳಿತು ಲೆಕ್ಕ ಕೇಳಬಹುದಾದ ಗ್ರಾಮಸಭೆ ವಿಲೀನದೊಡನೆ ಇಲ್ಲವಾಗುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸವೂ ನಿಲ್ಲುತ್ತದೆ. ಹೆಸರು ಮತ್ತು ಸಭೆ ಎರಡೂ ಒಟ್ಟಿಗೆ ಹೋಗುವುದು ಆಕಸ್ಮಿಕವಲ್ಲ. ತನ್ನ ಹೆಸರಿನಲ್ಲಿ ಮಾತನಾಡುವ ಸಭೆಯಿಲ್ಲದ ಊರು ಕ್ರಮೇಣ ಒಂದು ಬಸ್ ನಿಲ್ದಾಣದ ಹೆಸರಾಗಿ ಮಾತ್ರ ಉಳಿಯುತ್ತದೆ.

ಇದಕ್ಕೆ ಎದುರಾಗಿ ಬರುವ ವಾದಗಳು ಲಘುವಾದುವಲ್ಲ. ಮೊದಲನೆಯದು ಸೌಕರ್ಯದ್ದು. ಒಳಚರಂಡಿ, ಕೊಳವೆಯ ನೀರು, ಕಸ ವಿಲೇವಾರಿ ಇವನ್ನು ಸಣ್ಣ ಪಂಚಾಯಿತಿಯ ವರಮಾನದಲ್ಲಿ ನಿಭಾಯಿಸಲಾಗದು. ನಗರದ ಅಂಚಿನ ಹಳ್ಳಿಗಳು ತಾವಾಗಿಯೇ ವಿಲೀನವನ್ನು ಬಯಸಿದ ಸಂದರ್ಭಗಳೂ ಇವೆ. ಎರಡನೆಯದು ಇನ್ನೂ ಗಂಭೀರವಾದುದು. ಹಳ್ಳಿಯ ಹೆಸರನ್ನೂ ಎಲ್ಲೆಯನ್ನೂ ಕೊಂಡಾಡುವವರು ಆ ಎಲ್ಲೆಯೊಳಗಿನ ಕೇರಿಯ ಎಲ್ಲೆಯನ್ನು ಮರೆಯುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್ ಅವರು ಹಳ್ಳಿಯ ವೈಭವೀಕರಣವನ್ನು ಕಟುವಾಗಿ ನಿರಾಕರಿಸಿದರು. ಗ್ರಾಮವನ್ನಲ್ಲದೆ ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿ ಸ್ವೀಕರಿಸಿದುದನ್ನು ಸಮರ್ಥಿಸಿದರು. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಇದೇ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರಕ್ಕೂ ಹೆಸರಾಗಿದೆ, 1993ರಲ್ಲಿ ದೇವಾಲಯ ಪ್ರವೇಶದ ಹಿನ್ನೆಲೆಯಲ್ಲಿ ನಡೆದ ದಲಿತರ ಹತ್ಯೆಗೂ ಹೆಸರಾಗಿದೆ. ಆ ಊರನ್ನು ಬಿಟ್ಟು ನಗರದ ಹೆಸರಿಲ್ಲದ ಬೀದಿಯಲ್ಲಿ ನೆಲೆಸುವುದೇ ಬಿಡುಗಡೆ ಎಂದು ಒಬ್ಬನಿಗೆ ತೋರಿದರೆ ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಈ ವಾದಗಳು ವಿಲೀನವನ್ನು ಸಮರ್ಥಿಸುತ್ತವೆಯೇ ಹೊರತು ಹೆಸರಿನ ಅಳಿವನ್ನಲ್ಲ. ನಲ್ಲಿಯಲ್ಲಿ ನೀರು ಬರಬೇಕಾದರೆ ಊರಿನ ಹೆಸರು ಹೋಗಬೇಕೆಂಬ ನಿಯಮವಿಲ್ಲ. ಹೆಸರನ್ನು ಅಳಿಸಿದ ಮಾತ್ರಕ್ಕೆ ಕೇರಿಯ ಗೋಡೆ ಬೀಳುವುದೂ ಇಲ್ಲ. ಅದು ವಾರ್ಡಿನೊಳಗೆ ಹೆಸರಿಲ್ಲದ ಗೋಡೆಯಾಗಿ ಮುಂದುವರಿಯುತ್ತದೆ, ಅಷ್ಟೆ. ಬದನವಾಳು ಎಂಬ ಹೆಸರು ಉಳಿದಿರುವುದರಿಂದಲೇ ಅಲ್ಲಿ ನಡೆದ ಅನ್ಯಾಯವೂ ನೆನಪಿನಲ್ಲಿ ಉಳಿದಿದೆ. ಊರಿನ ಹೆಸರು ಕೀರ್ತಿಯ ಪಟ್ಟಿಯೆಂತೋ ಋಣದ ಪಟ್ಟಿಯೂ ಅಂತೆಯೇ. ಆದುದರಿಂದ ಉಳಿಸಬೇಕಾದುದು ಊರಿನ ಹಳೆಯ ವ್ಯವಸ್ಥೆಯನ್ನಲ್ಲ, ಊರಿನ ದಾಖಲೆಯನ್ನು.

ಈ ಭೇದವನ್ನು ಕಾನೂನಿನಲ್ಲಿ ಅಳವಡಿಸಿದ ದೇಶಗಳಿವೆ. ಫ್ರಾನ್ಸಿನಲ್ಲಿ ಅತಿ ಸಣ್ಣ ಹಳ್ಳಿಗೂ ತನ್ನದೇ ಪೌರಸಂಸ್ಥೆ ಇರುತ್ತದೆ. ಅದನ್ನು ಕಮ್ಯೂನ್ ಎನ್ನುತ್ತಾರೆ. 2010ರ ಡಿಸೆಂಬರ್ 16ರ ಕಾನೂನು ಇಂಥ ಹಲವು ಕಮ್ಯೂನುಗಳು ಸೇರಿ ಒಂದು ಹೊಸ ಕಮ್ಯೂನ್ ಆಗಲು ದಾರಿ ಮಾಡಿತು. ಹೀಗೆ ವಿಲೀನಗಳು ನಡೆದು 2019ರ ಜನವರಿ 1ರ ಹೊತ್ತಿಗೆ ಅವುಗಳ ಒಟ್ಟು ಸಂಖ್ಯೆ 34,970ಕ್ಕೆ ಇಳಿಯಿತು. ಆದರೆ ಸೇರಿಹೋದ ಹಳ್ಳಿಯು, ಹೊಸ ಪೌರಸಭೆ ಬೇಡವೆಂದು ತೀರ್ಮಾನಿಸದ ಹೊರತು, ಹಳೆಯ ಹೆಸರಿನಿಂದಲೇ 'ಪ್ರತಿನಿಯುಕ್ತ ಕಮ್ಯೂನ್' ಆಗಿ ಉಳಿಯುತ್ತದೆ. ಅದಕ್ಕೊಬ್ಬ ಪ್ರತಿನಿಯುಕ್ತ ಮೇಯರ್ ಇರುತ್ತಾನೆ. ಅಲ್ಲಿಯ ಜನನ, ವಿವಾಹ, ಮರಣಗಳು ಹಳೆಯ ಪೌರಭವನದ ಶಾಖೆಯಲ್ಲೇ ದಾಖಲಾಗುತ್ತವೆ. ಮೊದಲ ಮಹಾಯುದ್ಧದಲ್ಲಿ ವೆರ್ದಂ ಬಳಿ ನೆಲಸಮವಾಗಿ ಮತ್ತೆ ಕಟ್ಟಲಾಗದೆ ಉಳಿದ ಆರು ಹಳ್ಳಿಗಳು, ಒಬ್ಬ ನಿವಾಸಿಯೂ ಇಲ್ಲದಿದ್ದರೂ, ಇಂದಿಗೂ ಕಮ್ಯೂನುಗಳಾಗಿಯೇ ಇವೆ. ಅವುಗಳಿಗೆ ಮೇಯರುಗಳನ್ನು ಸರ್ಕಾರವೇ ನೇಮಿಸುತ್ತದೆ.

ಇದು ಯೂರೋಪಿನವರ ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದ ಕಂದಾಯ ದಾಖಲೆಗಳೂ ಇದೇ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿವೆ. ಜನರೆಲ್ಲ ಬಿಟ್ಟುಹೋದ ಊರನ್ನು ಕಂದಾಯದವರು ಬೇಚಿರಾಕ್ ಗ್ರಾಮ, ಅಂದರೆ ದೀಪವಿಲ್ಲದ ಗ್ರಾಮ, ಎಂದು ಕರೆಯುತ್ತಾರೆ. ದೀಪ ಆರಿದರೂ ಆ ಗ್ರಾಮದ ಹೆಸರು, ಎಲ್ಲೆ, ಸರ್ವೆ ನಂಬರುಗಳು ಕಡತದಲ್ಲಿ ಉಳಿಯುತ್ತವೆ. ಎಷ್ಟೋ ಶಾಸನೋಕ್ತ ಊರುಗಳನ್ನು ಗುರುತಿಸಲು ನೆರವಾದದ್ದು ಇಂಥ ಹಾಳೂರುಗಳ ದಾಖಲೆಗಳೇ. ವಿಪರ್ಯಾಸವೆಂದರೆ, ದೀಪ ಆರಿದ ಊರಿಗೆ ದೊರೆತ ಈ ಮರ್ಯಾದೆ, ಸಾವಿರ ದೀಪ ಉರಿಯುತ್ತಿರುವಾಗಲೇ ನಗರಕ್ಕೆ ಸೇರಿದ ಊರಿಗೆ ದೊರೆಯುವ ಭರವಸೆಯಿಲ್ಲ. ಹೊಲಗಳು ನಿವೇಶನಗಳಾದಂತೆ ಪಹಣಿಯ ಬಳಕೆ ತಪ್ಪುತ್ತದೆ. ಬಡಾವಣೆಯ ಹೆಸರು ಊರ ಹೆಸರನ್ನು ಮುಚ್ಚುತ್ತದೆ. ಜನಗಣತಿಯಲ್ಲಿ ಊರು ಗ್ರಾಮಗಳ ಪಟ್ಟಿಯಿಂದ ಹೊರಬಿದ್ದು ವಾರ್ಡಿನ ಅಂಕೆಯೊಳಗೆ ಸೇರುತ್ತದೆ.

ಪರಿಹಾರಕ್ಕೆ ಹೊಸ ಮಾದರಿಯನ್ನು ಹುಡುಕಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಮೆಕೆಂಜಿಯ ಸರ್ವೇಕ್ಷಣೆಯ ವೇಳೆ ಊರೂರುಗಳಿಂದ ಕೈಫಿಯತ್ತುಗಳನ್ನು ಸಂಗ್ರಹಿಸಲಾಯಿತು. ಊರಿನ ಹಿರಿಯರು, ಶ್ಯಾನುಭೋಗರು ತಮ್ಮ ಊರಿನ ಹುಟ್ಟು, ದೇವಾಲಯ, ಬಸದಿ, ಕೆರೆ, ದತ್ತಿ, ಜನಜಾತಿಗಳ ವಿವರವನ್ನು ಹೇಳಿ ಬರೆಯಿಸಿದ ಈ ಕಡತಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದಾರೆ. ಮೆಕೆಂಜಿಯ ಆ ಸಂಗ್ರಹಕ್ಕೆ ನೆರವಾದವರಲ್ಲಿ ಮಲೆಯೂರಿನ, ಎಂದರೆ ಕನಕಗಿರಿಯ, ದೇವಚಂದ್ರನೂ ಒಬ್ಬ. ಅವನು 1838ರಲ್ಲಿ ಮುಗಿಸಿದ ರಾಜಾವಳಿಕಥೆಯನ್ನು ಬಿಟ್ಟು ಕರ್ನಾಟಕದ ಜೈನ ಐತಿಹ್ಯಗಳ ಚರ್ಚೆ ಇಂದಿಗೂ ಮುಂದೆ ಸಾಗದು. ತಗಡೂರಿನಿಂದ ಬಹುದೂರವಲ್ಲದ ಊರೊಂದರ ಪಂಡಿತನು ಎರಡು ಶತಮಾನಗಳ ಹಿಂದೆ ತೋರಿದ ದಾರಿಯಿದು.

ನಗರಕ್ಕೆ ಸೇರುವ ಪ್ರತಿಯೊಂದು ಊರಿಗೂ, ಅಂತಿಮ ಅಧಿಸೂಚನೆ ಹೊರಬೀಳುವ ಮುನ್ನ, ಒಂದು ಹೊಸ ಕೈಫಿಯತ್ತು ಸಿದ್ಧವಾಗಬೇಕು. ಅದರಲ್ಲಿ ಶಾಸನಗಳ ಮತ್ತು ವೀರಗಲ್ಲುಗಳ ನೆಲೆ, ಕೆರೆಕಟ್ಟೆಗಳ ಹೆಸರು, ಹೊಲಗಳ ಹೆಸರು, ಮಜರೆಗಳ ಹೆಸರು, ಎಲ್ಲ ಕೇರಿಗಳ ಹೆಸರು ಮತ್ತು ಆ ಕೇರಿಯವರೇ ಹೇಳಿದ ಅವರ ಚರಿತ್ರೆ ದಾಖಲಾಗಬೇಕು. ಇದಕ್ಕೆ ಬೇಕಾದ ತರಬೇತಿ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಶಾಸನಶಾಸ್ತ್ರ ಮತ್ತು ಜಾನಪದ ಪತ್ರಿಕೆಗಳಲ್ಲಿ ಈಗಾಗಲೇ ದೊರೆಯುತ್ತಿದೆ. ಸವೆದ ವಿಷಯಗಳ ಮೇಲೆ ಬರೆಯಿಸುವ ಕಿರುಪ್ರಬಂಧಗಳ ಬದಲಿಗೆ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಊರನ್ನು ಒಪ್ಪಿಸಿದರೆ ವಿಶ್ವವಿದ್ಯಾನಿಲಯಗಳಿಗೆ ಹೆಚ್ಚಿನ ವೆಚ್ಚವೂ ಆಗದು. ವಾರ್ಡಿಗೆ ಅಂಕೆಯೊಡನೆ ಊರ ಹೆಸರನ್ನೇ ಇಡಬೇಕು. ಒಂದು ವಾರ್ಡಿನಲ್ಲಿ ಮೂರು ಊರುಗಳಿದ್ದರೆ ಮೂರೂ ಹೆಸರುಗಳು ಆಸ್ತಿಯ ಖಾತೆಯಲ್ಲಿ, ಅಂಚೆ ವಿಳಾಸದಲ್ಲಿ ಉಳಿಯಬೇಕು. ಸೇರಿದ ಊರಿನ ಜನ ವರ್ಷಕ್ಕೆ ಎರಡು ಬಾರಿಯಾದರೂ ತಮ್ಮ ಹೆಸರಿನಲ್ಲಿ ಸಭೆ ಸೇರಿ ಪಾಲಿಕೆಯ ಲೆಕ್ಕ ಕೇಳುವ ಹಕ್ಕನ್ನು ಕಾನೂನಿನಲ್ಲಿ ಬರೆಯಬೇಕು.

ಧರ್ಮಪುರಿಯ ಶಾಸನದಲ್ಲಿ ಎರಡು ಊರುಗಳ ಹೆಸರಿವೆ: ಬಸದಿಯಿದ್ದ ತಗಡೂರು, ಬಸದಿಗೆ ಕೊಟ್ಟ ಮೂಲಪಳ್ಳಿ. ತಗಡೂರು ಅರಸರ ಪಟ್ಟಣವಾಗಿದ್ದುದರಿಂದ ಹೆಸರು ಬದಲಾದರೂ ವಿದ್ವಾಂಸರು ಅದನ್ನು ಪತ್ತೆಹಚ್ಚಿದರು. ಮೂಲಪಳ್ಳಿಯಂಥ ಸಣ್ಣ ಊರಿಗೆ ಅಂಥ ಭಾಗ್ಯವಿರುವುದಿಲ್ಲ. ಅದು ಉಳಿಯುವುದಾದರೆ ಅಲ್ಲಿ ವಾಸಿಸುವವರ ನಾಲಿಗೆಯ ಮೇಲೆ, ಇಲ್ಲವೆ ಯಾರಾದರೂ ಬರೆದಿಟ್ಟ ಒಂದು ಸಾಲಿನಲ್ಲಿ ಉಳಿಯಬೇಕು. ಒಂಬತ್ತನೆಯ ಶತಮಾನದ ದಾನಿಯೊಬ್ಬನು ಒಂದು ಸಣ್ಣ ಹಳ್ಳಿಯನ್ನು ದತ್ತಿ ಬಿಡುವಾಗ ಅದರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ತನ್ನ ಕರ್ತವ್ಯವೆಂದು ತಿಳಿದಿದ್ದನು. ಹಳ್ಳಿಯನ್ನು ನಗರಕ್ಕೆ ಸೇರಿಸುವ ಇಂದಿನ ಸರ್ಕಾರಕ್ಕೆ ಅಷ್ಟು ಕರ್ತವ್ಯವನ್ನಾದರೂ ವಿಧಿಸುವುದು ಅತಿಯಾದ ಅಪೇಕ್ಷೆಯಲ್ಲ.